ಟೊಂಗಾರಿರೊ ಆಲ್ಪೈನ್ ಕ್ರಾಸಿಂಗ್: ಹಬೆಯಾಡುವ ಬೆಟ್ಟದಲ್ಲಿ ಗೈಡ್ ಜೊತೆ ಒಂದು ದಿನದ ಚಾರಣ

ನ್ಯೂಜಿಲೆಂಡಿನ ಉತ್ತರ ದ್ವೀಪದ ನಡುಭಾಗದಲ್ಲಿ ರುವಾಪೆಹು, ನೌರುಹೊಯ್, ಟೊಂಗಾರಿರೊ ಎಂಬ ಮೂರು ಜ್ವಾಲಾಮುಖಿ ಬೆಟ್ಟಗಳಿವೆ. ಮೂರೂ ಜೀವಂತ. ಕೊನೆಯ ಎರಡರ ನಡುವೆ ಹಾದು, ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿಯುವ ಸುಮಾರು 20 ಕಿ.ಮೀ. ದಾರಿಯೇ ಟೊಂಗಾರಿರೊ ಆಲ್ಪೈನ್ ಕ್ರಾಸಿಂಗ್. ನಡೆಯಲು 7ರಿಂದ 8 ಗಂಟೆ ಬೇಕು. ಏರು ಸುಮಾರು 800 ಮೀಟರ್, ಇಳಿಜಾರು ಅದಕ್ಕಿಂತ ಹೆಚ್ಚು, 1,100 ಮೀಟರಿನಷ್ಟು. ಏರಿನ ಲೆಕ್ಕ ಮಾತ್ರ ಹಿಡಿದರೆ ಕುಕ್ಕೆ ಕಡೆಯಿಂದ ಕುಮಾರಪರ್ವತ ಹತ್ತುವುದೇ ಇದಕ್ಕಿಂತ ಕಠಿಣ. ಆದರೆ ಕುಮಾರಪರ್ವತದಲ್ಲಿ ಕಾಲಡಿಯ ಮಣ್ಣು ಬಿಸಿಯಾಗಿರುವುದಿಲ್ಲ, ಬೇಸಿಗೆಯ ಮಧ್ಯಾಹ್ನ ಹಿಮ ಬೀಳುವುದಿಲ್ಲ.

ಆಕ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮ, ಕೆಲಸದ ಮೇಲೆ ಬಂದ ಗೆಳೆಯರು, ಓದಲು ಬಂದ ಹುಡುಗರು, ಎಲ್ಲರೂ ಈ ಚಾರಣದ ಬಗ್ಗೆ ಕೇಳುತ್ತಾರೆ. ಹೋಗಲೇಬೇಕಾದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಸಲ ಹೋಗುವವರು ಗೈಡ್ ಜೊತೆಯೇ ಹೋಗಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದಾರಿ ತಪ್ಪುತ್ತದೆ ಎಂಬ ಭಯಕ್ಕಲ್ಲ, ದಾರಿಯುದ್ದಕ್ಕೂ ಗುರುತಿನ ಕಂಬಗಳಿವೆ. ಯಾವ ದಿನ ಹೊರಡಬಾರದು, ಎಲ್ಲಿಂದ ಹಿಂದಿರುಗಬೇಕು, ಎಲ್ಲಿ ಕೈ ಇಡಬಾರದು, ಇವನ್ನು ತಿಳಿದವರು ಪಕ್ಕದಲ್ಲಿರಬೇಕು ಎಂಬುದಕ್ಕೆ.

1. ದಿನ ಗೊತ್ತು ಮಾಡುವುದು

ಇಲ್ಲಿ ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ ಚಾರಣದ ಕಾಲ. ನವೆಂಬರಿನಲ್ಲೂ ಮೇಲೆ ಹಿಮ ಉಳಿದಿರಬಹುದು. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಜನಜಂಗುಳಿ. ಫೆಬ್ರವರಿ, ಮಾರ್ಚ್ ನನಗೆ ಹಿಡಿಸಿದ ತಿಂಗಳುಗಳು. ಚಳಿಗಾಲದಲ್ಲಿ ಇದು ಹಿಮಪರ್ವತವೇ. ಬೂಟಿಗೆ ಕ್ರ್ಯಾಂಪನ್ (ಹಿಮದಲ್ಲಿ ಜಾರದಂತೆ ಕಟ್ಟುವ ಲೋಹದ ಮುಳ್ಳುಗಳು), ಕೈಗೆ ಐಸ್ ಆ್ಯಕ್ಸ್ ಬೇಕು, ಹಿಮಕುಸಿತದ ಅರಿವೂ ಬೇಕು. ಆ ತಿಂಗಳುಗಳಲ್ಲಿ ಹೋಗುವ ಮನಸ್ಸಿದ್ದರೆ ಗೈಡ್ ಇಲ್ಲದೆ ಯೋಚಿಸಲೇಬೇಡಿ.

ದಿನಾಂಕಕ್ಕಿಂತ ಮುಖ್ಯವಾದದ್ದು, ಕೈಯಲ್ಲಿ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳುವುದು. ಶನಿವಾರ ಚಾರಣ, ಭಾನುವಾರ ಬೆಳಿಗ್ಗೆ ವಿಮಾನ ಎಂದು ಯೋಜನೆ ಹಾಕಿದವರೇ ಕೆಟ್ಟ ಹವೆಯಲ್ಲೂ 'ನೋಡೋಣ, ಸ್ವಲ್ಪ ದೂರ ಹೋಗೋಣ' ಎಂದು ಹೊರಡುತ್ತಾರೆ. ಬೆಟ್ಟದ ಹತ್ತಿರ ಎರಡು ಮೂರು ರಾತ್ರಿ ಉಳಿಯಿರಿ. ಗೈಡ್ ಕಾಯ್ದಿರಿಸುವಾಗ ಮೊದಲನೆಯ ದಿನ ಹಿಡಿಯಿರಿ, ಹವೆ ಕೆಟ್ಟರೆ ಮರುದಿನಕ್ಕೆ ಬದಲಾಯಿಸಿಕೊಡುತ್ತಾರೆಯೇ ಎಂದು ಮುಂಚೆಯೇ ಕೇಳಿಕೊಳ್ಳಿ.

ಉಳಿಯಲು ನ್ಯಾಷನಲ್ ಪಾರ್ಕ್ ವಿಲೇಜ್, ಫಾಕಪಾಪ ವಿಲೇಜ್, ಟೂರಂಗಿ ಹತ್ತಿರದ ಊರುಗಳು. ಟೌಪೊದಿಂದಲೂ ಬಸ್ಸುಗಳಿವೆ, ಆದರೆ ನಸುಕಿಗೆ ಬಹಳ ಮುಂಚೆ ಏಳಬೇಕು. ಆಕ್ಲೆಂಡಿನಿಂದ ಕಾರಿನಲ್ಲಿ ನಾಲ್ಕೂವರೆ ಗಂಟೆಯಷ್ಟು ದಾರಿ. ಆಕ್ಲೆಂಡ್–ವೆಲ್ಲಿಂಗ್ಟನ್ ನಡುವಿನ ನಾರ್ದರ್ನ್ ಎಕ್ಸ್‌ಪ್ಲೋರರ್ ರೈಲು ನ್ಯಾಷನಲ್ ಪಾರ್ಕ್ ನಿಲ್ದಾಣದಲ್ಲಿ ನಿಲ್ಲುತ್ತದೆ.

2. ಗೈಡ್ ಆರಿಸುವುದು

ಈ ರಾಷ್ಟ್ರೀಯ ಉದ್ಯಾನದಲ್ಲಿ ಹಣ ಪಡೆದು ಜನರನ್ನು ಕರೆದೊಯ್ಯಲು ಸಂರಕ್ಷಣಾ ಇಲಾಖೆಯ ಪರವಾನಗಿ ಬೇಕು. ಈ ಇಲಾಖೆಯನ್ನು ಎಲ್ಲರೂ ಡಾಕ್ (DOC) ಎಂದೇ ಕರೆಯುತ್ತಾರೆ. ಪರವಾನಗಿ ಇದೆಯೇ ಎಂದು ನೇರವಾಗಿ ಕೇಳಿ, ಸಂಕೋಚ ಬೇಡ. ಗೈಡ್‌ಗೆ ಯಾವ ತರಬೇತಿ ಇದೆ, ಪ್ರಥಮ ಚಿಕಿತ್ಸೆ ಬರುತ್ತದೆಯೇ, ಒಬ್ಬ ಗೈಡ್‌ಗೆ ಎಷ್ಟು ಜನ, ಬೆಟ್ಟದ ಮೇಲೆ ಸಂಪರ್ಕಕ್ಕೆ ಏನಿದೆ, ಇವನ್ನೂ ಕೇಳಿ. ಉತ್ತರಕ್ಕಿಂತ ಉತ್ತರಿಸುವ ರೀತಿ ಹೆಚ್ಚು ಹೇಳುತ್ತದೆ. 'ಯಾವ ಹವೆಯಲ್ಲಿ ನೀವು ರದ್ದು ಮಾಡುತ್ತೀರಿ?' ಎಂದು ಕೇಳಿದಾಗ ಗಾಳಿಯ ವೇಗವನ್ನು ಅಂಕಿಯಲ್ಲಿ ಹೇಳುವವರನ್ನು ನಂಬಬಹುದು. 'ಏನೂ ಆಗಲ್ಲ, ಬನ್ನಿ' ಎನ್ನುವವರನ್ನು ಬಿಟ್ಟುಬಿಡಿ.

ಗೈಡ್ ಇದ್ದಾರೆಂದರೆ ಅಪಾಯ ಇಲ್ಲ ಎಂದಲ್ಲ. 2019ರ ಡಿಸೆಂಬರ್ 9ರಂದು ಇದೇ ದೇಶದ ಫಕಾರಿ ದ್ವೀಪದ ಜ್ವಾಲಾಮುಖಿ ಸಿಡಿದಾಗ ಅಲ್ಲಿ 47 ಜನರಿದ್ದರು. 22 ಮಂದಿ ತೀರಿಕೊಂಡರು. ಅವರಲ್ಲಿ ಗೈಡ್‌ಗಳೂ ಇದ್ದರು. ಅಲ್ಲಿನ ಎಚ್ಚರಿಕೆ ಮಟ್ಟ ಕೆಲವು ವಾರ ಮೊದಲೇ 2ಕ್ಕೆ ಏರಿತ್ತು. ಹಾಗಾಗಿ ಆ ಮಟ್ಟವನ್ನು ನೀವೂ ನೋಡಿಕೊಳ್ಳಬೇಕು. ಜಿಯೋನೆಟ್ ಎಂಬ ಸರ್ಕಾರಿ ನಿಗಾ ಜಾಲತಾಣದಲ್ಲಿ ಪ್ರತಿ ಜ್ವಾಲಾಮುಖಿಗೂ 0ಯಿಂದ 5ರವರೆಗೆ ಮಟ್ಟ ಕೊಟ್ಟಿರುತ್ತಾರೆ. 0 ಎಂದರೆ ಶಾಂತ, 1 ಮತ್ತು 2 ಎಂದರೆ ಒಳಗೆ ಚಟುವಟಿಕೆ ಇದೆ, 3ರಿಂದ ಮೇಲೆ ಸ್ಫೋಟ. ಹೊರಡುವ ಹಿಂದಿನ ದಿನ ಟೊಂಗಾರಿರೊ ಮತ್ತು ನೌರುಹೊಯ್ ಎರಡರದ್ದೂ ನೋಡಿ.

3. ಬೂಟು, ಬಟ್ಟೆ, ಬುತ್ತಿ

ಭಾರತದಿಂದ ಬರುವವರಿಗೆ ಮೊದಲ ಪರೀಕ್ಷೆ ವಿಮಾನ ನಿಲ್ದಾಣದಲ್ಲೇ. ಬಳಸಿದ ಚಾರಣದ ಬೂಟು ತರುತ್ತಿದ್ದರೆ ಆಗಮನದ ಅರ್ಜಿಯಲ್ಲಿ ಘೋಷಿಸಲೇಬೇಕು. ಪಶ್ಚಿಮಘಟ್ಟದ ಕೆಂಪುಮಣ್ಣು ಅಟ್ಟೆಯ ಸಂದಿಯಲ್ಲಿ ಇರಬಾರದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಟ್ಟೆಯ ಪ್ರತಿ ಗೆರೆಯನ್ನೂ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ತನ್ನಿ. ಚಟ್ನಿಪುಡಿ, ಉಪ್ಪಿನಕಾಯಿ, ಕೋಡುಬಳೆ, ಯಾವ ತಿಂಡಿ ಇದ್ದರೂ ಘೋಷಿಸಿ. ಹಣ್ಣು, ಜೇನುತುಪ್ಪ ತರಲೇಬೇಡಿ. ಘೋಷಿಸದೆ ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ. ಘೋಷಿಸಿದರೆ ನೋಡಿ ವಾಪಸು ಕೊಡುತ್ತಾರೆ, ಇಲ್ಲವೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೇ.

ಬೂಟು ಹೊಸದಾದರೆ ಎರಡು ಮೂರು ವಾರ ತೊಟ್ಟು ಪಳಗಿಸಿ. ಕಣಕಾಲು ಮುಚ್ಚುವಂಥದ್ದಿರಲಿ. ಇಲ್ಲಿನ ಜ್ವಾಲಾಮುಖಿ ಜಲ್ಲಿ ಚೂಪು, ಓಟದ ಶೂ ಒಳಗೆಲ್ಲ ತುಂಬಿಕೊಳ್ಳುತ್ತದೆ.

ಬಟ್ಟೆಯಲ್ಲಿ ನಮ್ಮವರು ಎಡವುವುದು ಹತ್ತಿಯಲ್ಲಿ. ಜೀನ್ಸ್, ಕಾಟನ್ ಟೀಶರ್ಟ್ ಬೆವರಿಗೋ ಮಳೆಗೋ ಒದ್ದೆಯಾದರೆ ಒಣಗುವುದಿಲ್ಲ, ಮೇಲೆ ಗಾಳಿ ಬೀಸಿದಾಗ ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಮೈಗೆ ತಾಗುವಂತೆ ಉಣ್ಣೆಯ ಅಥವಾ ಪಾಲಿಯೆಸ್ಟರ್ ಒಳಪದರ, ಅದರ ಮೇಲೆ ಫ್ಲೀಸ್, ಎಲ್ಲದರ ಮೇಲೆ ನೀರು–ಗಾಳಿ ಎರಡನ್ನೂ ತಡೆಯುವ, ತಲೆಗವಸಿರುವ ಜಾಕೆಟ್. ಮಳೆ ಪ್ಯಾಂಟು, ಕೈಗವಸು, ಉಣ್ಣೆ ಟೋಪಿ ಬೇಸಿಗೆಯಲ್ಲೂ ಚೀಲದಲ್ಲಿರಬೇಕು. ಬಿಸಿಲು ಟೋಪಿ, ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಕೂಡ ಬೇಕು, ಈ ದೇಶದ ಬಿಸಿಲು ತಣ್ಣಗಿದ್ದೇ ಸುಡುತ್ತದೆ. ತಲೆಗೆ ಕಟ್ಟುವ ಟಾರ್ಚ್, ಗುಳ್ಳೆಗೆ ಪಟ್ಟಿ, ನಿಮ್ಮ ನಿತ್ಯದ ಮಾತ್ರೆ ಮರೆಯಬೇಡಿ. ಆಸ್ತಮಾ ಇದ್ದರೆ ಇನ್‌ಹೇಲರ್ ಜೇಬಿನಲ್ಲಿರಲಿ, ಚೀಲದ ತಳದಲ್ಲಲ್ಲ. ಗಂಧಕದ ಹಬೆ ಬರುವ ಕಡೆ ಅದು ತಕ್ಷಣ ಕೈಗೆ ಸಿಗಬೇಕು. ಉಸಿರಾಟದ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಲಿ, ಗೈಡ್‌ಗೂ ಮೊದಲೇ ಹೇಳಲಿ.

ನೀರು ಒಬ್ಬರಿಗೆ ಎರಡರಿಂದ ಮೂರು ಲೀಟರ್. ದಾರಿಯಲ್ಲಿ ಹಳ್ಳಗಳು ಕಾಣುತ್ತವೆ, ಆದರೆ ಅವುಗಳಲ್ಲಿ ಖನಿಜಗಳು ಕರಗಿವೆ, ಕುಡಿಯುವ ಹಾಗಿಲ್ಲ. ಬುತ್ತಿಗೆ ಚಟ್ನಿಪುಡಿ ತುಪ್ಪ ಸವರಿ ಸುತ್ತಿದ ಚಪಾತಿಗೆ ಸಾಟಿಯಿಲ್ಲ. ಕೈಗವಸು ಹಾಕಿಕೊಂಡೇ ತಿನ್ನಬಹುದು, ತಣ್ಣಗಾದರೂ ರುಚಿ ಕೆಡುವುದಿಲ್ಲ. ಜೊತೆಗೆ ಕಡಲೆಬೀಜದ ಚಿಕ್ಕಿ, ಒಣಹಣ್ಣು. ಮೊಸರನ್ನ ಬೇಡ, ಬೀಸುವ ಗಾಳಿಯಲ್ಲಿ ಡಬ್ಬಿ ಬಿಚ್ಚಿ ಕೂರುವ ಜಾಗ ಇದಲ್ಲ.

4. ಬೆಟ್ಟ ಯಾರದ್ದು ಎಂದು ತಿಳಿದು ಹೋಗುವುದು

ಇದು ತಯಾರಿಯ ಭಾಗವೇ. ಈ ಶಿಖರಗಳು ನಾಟಿ ಟೂಫರೆಟೋವಾ ಎಂಬ ಮಾವೊರಿ ಕುಲದ ಪೂರ್ವಿಕರು. ಅವರ ಕಥೆಯಲ್ಲಿ ನಾಟೊರೊಯಿರಂಗಿ ಎಂಬ ಪುರೋಹಿತ ಈ ಬೆಟ್ಟದ ಮೇಲೆ ಚಳಿಗೆ ಸಾಯುವ ಸ್ಥಿತಿಗೆ ಬಂದಾಗ, ಕಡಲಾಚೆಯ ಹವಾಯಿಕಿಯಲ್ಲಿದ್ದ ಅಕ್ಕತಂಗಿಯರನ್ನು ಕೂಗಿ ಬೆಂಕಿ ಬೇಡುತ್ತಾನೆ. ಬೆಂಕಿ ನೆಲದಡಿಯಲ್ಲಿ ಹರಿದು ಫಕಾರಿ, ರೊಟೊರುವ, ಟೌಪೊಗಳಲ್ಲಿ ತಲೆ ಎತ್ತಿ ಇಲ್ಲಿಗೆ ತಲುಪುತ್ತದೆ. ಇಂದಿನ ಭೂವಿಜ್ಞಾನಿಗಳ ನಕ್ಷೆಯಲ್ಲಿ ಟೌಪೊ ಜ್ವಾಲಾಮುಖಿ ವಲಯ ಇರುವುದೂ ಇದೇ ಸಾಲಿನಲ್ಲಿ. ಪೆಸಿಫಿಕ್ ಫಲಕ ಆಸ್ಟ್ರೇಲಿಯನ್ ಫಲಕದ ಕೆಳಗೆ ಜಾರುವುದರಿಂದ ಹುಟ್ಟಿದ ಸಾಲು ಅದು. ಎರಡೂ ವಿವರಣೆಗಳನ್ನು ಗೈಡ್ ಬಾಯಲ್ಲಿ ಅಲ್ಲಿಯೇ ನಿಂತು ಕೇಳಬೇಕು.

1887ರಲ್ಲಿ ಕುಲದ ಮುಖ್ಯಸ್ಥ ನಾಲ್ಕನೆಯ ಟೆ ಹ್ಯೂಹ್ಯೂ ಟುಕಿನೊ ಈ ಶಿಖರಗಳನ್ನು ಸರ್ಕಾರದ ಕೈಗೆ ಒಪ್ಪಿಸಿದ. ಹೋಳುಹೋಳಾಗಿ ಮಾರಾಟವಾಗದೆ ಕಾಪಾಡಲ್ಪಡಲಿ ಎಂಬುದು ಉದ್ದೇಶ. ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹಾಗೆ. ಯುನೆಸ್ಕೊ 1990ರಲ್ಲಿ ಇದನ್ನು ನೈಸರ್ಗಿಕ ಪರಂಪರೆಯ ತಾಣವೆಂದೂ, 1993ರಲ್ಲಿ ಸಾಂಸ್ಕೃತಿಕ ಭೂದೃಶ್ಯವೆಂದೂ ಗುರುತಿಸಿತು. ಈ ಎರಡನೆಯ ಮನ್ನಣೆ ಪಡೆದ ಜಗತ್ತಿನ ಮೊದಲ ಜಾಗ ಇದೇ.

ಕುಲದವರ ಕೋರಿಕೆ ದೊಡ್ಡದೇನಲ್ಲ. ನೌರುಹೊಯ್ ಮತ್ತು ಟೊಂಗಾರಿರೊ ಶಿಖರಗಳನ್ನು ಹತ್ತಬೇಡಿ, ಸರೋವರಗಳ ನೀರನ್ನು ಮುಟ್ಟಬೇಡಿ. ಶಿಖರದ ಕಡೆಗಿದ್ದ ದಾರಿಗುರುತುಗಳನ್ನೂ ತೆಗೆದಿದ್ದಾರೆ. ಗರ್ಭಗುಡಿಯ ಹೊಸ್ತಿಲಾಚೆ ನಿಂತೇ ದರ್ಶನ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲ್ಲು ಎತ್ತಿಕೊಂಡು ಬರಬೇಡಿ. ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ.

5. ಹಿಂದಿನ ಸಂಜೆ

ಬೆಟ್ಟದ ಮೇಲಿನ ಹವೆ ನೋಡಿ, ಊರಿನ ಹವೆಯನ್ನಲ್ಲ. ಮೆಟ್‌ಸರ್ವಿಸ್ ತಾಣದಲ್ಲಿ ಈ ಉದ್ಯಾನಕ್ಕೆಂದೇ ಪ್ರತ್ಯೇಕ ಮುನ್ಸೂಚನೆ ಇದೆ. ಉಷ್ಣಾಂಶಕ್ಕಿಂತ ಗಾಳಿಯನ್ನು ಗಮನಿಸಿ. ಗಂಟೆಗೆ 60 ಕಿ.ಮೀ. ಮೀರಿದರೆ ದಾರಿಯ ಅತಿ ಎತ್ತರದ ಜಾಗವಾದ ರೆಡ್ ಕ್ರೇಟರಿನ ರಿಡ್ಜ್ (ಬೆಟ್ಟದ ಕಿರಿದಾದ ಏಣು) ಮೇಲೆ ಕಾಲೂರುವುದೇ ಕಷ್ಟ. ಗೈಡ್ 'ನಾಳೆ ಇಲ್ಲ' ಎಂದರೆ ವಾದ ಮಾಡಬೇಡಿ. ಕೆಳಗಿನ ಟರನಕಿ ಜಲಪಾತದ ದಾರಿ ಎರಡು ಗಂಟೆಯ ಒಳ್ಳೆಯ ನಡಿಗೆ, ಆ ದಿನಕ್ಕೆ ಅದು ಸಾಕು.

ನಡೆಯುವ ದಿನವನ್ನು ಡಾಕ್ ತಾಣದಲ್ಲಿ ನೋಂದಾಯಿಸಿ, ಅಥವಾ ಗೈಡ್ ಸಂಸ್ಥೆ ಮಾಡಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಒಬ್ಬರಿಗೆ ಬರೆದು ಕಳಿಸಿ. ದಾರಿಯ ಹಲವು ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ತುರ್ತು ಸಂಖ್ಯೆ 111. ಕಾರನ್ನು ನಡಿಗೆ ಶುರುವಾಗುವ ಮಾಂಗಟೆಪೊಪೊ ತುದಿಯಲ್ಲಿ ಬಿಟ್ಟುಹೋಗುವ ಲೆಕ್ಕ ಬೇಡ, ಚಾರಣದ ಕಾಲದಲ್ಲಿ ಅಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ನಿಲ್ಲಿಸುವಂತಿಲ್ಲ. ಶಟಲ್ ಬಸ್ಸೇ ಸರಿ.

6. ನಡಿಗೆ

*ಮಾಂಗಟೆಪೊಪೊದಿಂದ ಸೋಡಾ ಸ್ಪ್ರಿಂಗ್ಸ್.* ಆರಂಭದ ಎತ್ತರ ಸುಮಾರು 1,120 ಮೀಟರ್. ಮೊದಲ ಒಂದೂವರೆ ಗಂಟೆ ಕಣಿವೆಯಲ್ಲಿ ಸಲೀಸಾದ ದಾರಿ, ಎಷ್ಟೋ ಕಡೆ ಹಲಗೆ ಹಾಸಿದ್ದಾರೆ. ಇಲ್ಲೇ ಜನ ಓಡುತ್ತಾರೆ. ಓಡಬೇಡಿ. ಮಾತಾಡಿಕೊಂಡು ನಡೆಯಲು ಆಗುವಷ್ಟೇ ವೇಗ ಇರಲಿ. ಹಿಮನದಿ ಕೊರೆದ ಈ ಕಣಿವೆಗೆ ನೌರುಹೊಯ್ ಮತ್ತೆ ಮತ್ತೆ ಲಾವಾ ಸುರಿದಿದೆ. 1949 ಮತ್ತು 1954ರ ಹರಿವುಗಳು ಇನ್ನೂ ಕಪ್ಪಗೆ, ಒರಟಾಗಿವೆ, ಹಳೆಯವುಗಳ ಮೇಲೆ ಕಲ್ಲುಹೂವು ಹಬ್ಬಿ ಬಣ್ಣ ಮಾಸಿದೆ. ಬಂಡೆಯ ವಯಸ್ಸನ್ನು ಬಣ್ಣದಲ್ಲೇ ಓದುವುದನ್ನು ಗೈಡ್ ತೋರಿಸಿಕೊಡುತ್ತಾರೆ. ಸೋಡಾ ಸ್ಪ್ರಿಂಗ್ಸ್ ಬಳಿಯ ಶೌಚಾಲಯವನ್ನು ತಪ್ಪಿಸಬೇಡಿ, ಕಾಗದ ನೀವೇ ಒಯ್ಯಬೇಕು. ಮುಂದೆ ಹಲವು ಗಂಟೆ ಮರೆಯಾಗಿ ಕೂರಲು ಒಂದು ಪೊದೆಯೂ ಇಲ್ಲ.

*ಡೆವಿಲ್ಸ್ ಸ್ಟೇರ್‌ಕೇಸ್.* ಮೆಟ್ಟಿಲು, ಕಲ್ಲು, ತಿರುವು. 1,400 ಮೀಟರಿನಿಂದ 1,600ಕ್ಕೆ. ಹತ್ತುವ ಮೊದಲೇ ಫ್ಲೀಸ್ ತೆಗೆದುಬಿಡಿ, ಬೆವರಿ ಒದ್ದೆಯಾಗಬಾರದು. ಹೆಜ್ಜೆ ಚಿಕ್ಕದಿರಲಿ, ನಿಲ್ಲದೆ ನಿಧಾನವಾಗಿ ಏರಿ. ಮೇಲೆ ಮುಟ್ಟಿದ ಕೂಡಲೇ ಜಾಕೆಟ್ ಹಾಕಿಕೊಳ್ಳಿ. ಗುಂಪಿನಲ್ಲಿ ಯಾರಿಗಾದರೂ ಇಲ್ಲಿಗೇ ಸುಸ್ತಾದರೆ, ಮೋಡ ಇಳಿಯುತ್ತಿದ್ದರೆ, ಗೈಡ್ ಇಲ್ಲಿಂದ ವಾಪಸು ಎನ್ನಬಹುದು. ಹಿಂದಿರುಗಲು ಇದಕ್ಕಿಂತ ಒಳ್ಳೆಯ ಜಾಗ ಮುಂದೆ ಇಲ್ಲ.

*ಸೌತ್ ಕ್ರೇಟರ್.* ಹೆಸರು ಕ್ರೇಟರ್ ಆದರೂ ಇದು ನಿಜವಾದ ಜ್ವಾಲಾಮುಖಿ ಕುಳಿಯಲ್ಲ, ಸುತ್ತಲಿನ ದಿಣ್ಣೆಗಳಿಂದ ಹರಿದುಬಂದದ್ದು ತುಂಬಿ ಸಮತಟ್ಟಾದ ಬೋಗುಣಿ. ಬಲಗಡೆ 2,287 ಮೀಟರ್ ಎತ್ತರದ ನೌರುಹೊಯ್. ಅದು ಕೊನೆಯದಾಗಿ ಸಿಡಿದದ್ದು 1970ರ ದಶಕದಲ್ಲಿ. ಇಲ್ಲಿ ಅರ್ಧ ಚಪಾತಿ ತಿಂದು ನೀರು ಕುಡಿಯಿರಿ.

*ರೆಡ್ ಕ್ರೇಟರ್.* ದಿನದ ಅತಿ ಎತ್ತರದ ಜಾಗ, 1,886 ಮೀಟರ್. ಕಿರಿದಾದ ರಿಡ್ಜ್ ಮೇಲೆ ಏರಬೇಕು, ಗಾಳಿಗೆ ತಡೆಯೇ ಇಲ್ಲ. ಅಂಚಿಗೆ ಬಂದಾಗ ಕೆಳಗಿನ ಕುಳಿಯ ಗೋಡೆ ಕಡುಗೆಂಪು. ಕಬ್ಬಿಣದ ಅಂಶವಿರುವ ಜ್ವಾಲಾಮುಖಿ ಜಲ್ಲಿ ಬಿಸಿಯಲ್ಲಿ ಗಾಳಿ ತಾಗಿ ತುಕ್ಕು ಹಿಡಿದ ಬಣ್ಣ ಅದು. ಎದುರಿನ ಗೋಡೆಯಲ್ಲಿ ಉದ್ದಕ್ಕೆ ಸೀಳಿದಂತೆ ಒಂದು ಟೊಳ್ಳು ಕಾಣುತ್ತದೆ. ಒಮ್ಮೆ ಅದರಲ್ಲಿ ಕರಗಿದ ಶಿಲೆ ಮೇಲೇರುತ್ತಿತ್ತು. ಹೊರಗಿನ ಪದರ ಗಟ್ಟಿಯಾದ ಮೇಲೆ ಒಳಗಿನದು ಬಸಿದುಹೋಗಿ ಖಾಲಿ ಕೊಳವೆ ಉಳಿದಿದೆ. ಜ್ವಾಲಾಮುಖಿಯ ಒಳಗಿನ ನಾಳವನ್ನು ಹೀಗೆ ಬರಿಗಣ್ಣಿಗೆ ತೋರಿಸುವ ಜಾಗಗಳು ಕಡಿಮೆ. ಗಾಳಿ ಜೋರಾಗಿಲ್ಲದಿದ್ದರೆ ಇಲ್ಲಿ ಎರಡು ನಿಮಿಷ ಹೆಚ್ಚು ನಿಲ್ಲಿ.

ಅಂಚಿನ ಮಣ್ಣಿನಲ್ಲಿ ಅಲ್ಲಲ್ಲಿ ಹಬೆ ಏಳುತ್ತಿರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಅದು ಹೈಡ್ರೋಜನ್ ಸಲ್ಫೈಡ್. ನೆಲಕ್ಕೆ ಅಂಗೈ ಹತ್ತಿರ ತಂದರೆ ಶಾಖ ಗೊತ್ತಾಗುತ್ತದೆ, ಗೈಡ್ ತೋರಿಸಿದ ಕಡೆ ಮಾತ್ರ ಹಾಗೆ ಮಾಡಿ. ಹಬೆಯಾಡುವ ಕಡೆ ನೆಲದ ಮೇಲ್ಪದರ ತೆಳುವಾಗಿದ್ದು ಕೆಳಗೆ ಸುಡುವ ಕೆಸರು ಇರಬಹುದು, ಆದ್ದರಿಂದ ದಾರಿಯಿಂದ ಒಂದು ಹೆಜ್ಜೆಯೂ ಆಚೆ ಬೇಡ. ತಗ್ಗುಗಳಲ್ಲಿ ಕೂರಬೇಡಿ. ಗಾಳಿಗಿಂತ ಭಾರವಾದ ಅನಿಲಗಳು ಅಲ್ಲಿ ನಿಲ್ಲುತ್ತವೆ, ಅದರಲ್ಲೂ ಇಂಗಾಲದ ಡೈಆಕ್ಸೈಡಿಗೆ ವಾಸನೆಯೇ ಇಲ್ಲ. ಕಣ್ಣು ಉರಿದರೆ, ತಲೆ ಸುತ್ತಿದರೆ ಆ ಕ್ಷಣವೇ ಗೈಡ್‌ಗೆ ಹೇಳಿ ಗಾಳಿ ಬರುವ ಕಡೆಗೆ ಸರಿಯಿರಿ.

*ಪಚ್ಚೆ ಸರೋವರಗಳಿಗೆ ಇಳಿಯುವುದು.* ಬೀಳುವವರು ಬೀಳುವುದು ಇಲ್ಲಿ. ಸಡಿಲ ಜಲ್ಲಿಯ ಕಡಿದಾದ ಇಳಿಜಾರು, ಪ್ರತಿ ಹೆಜ್ಜೆಗೂ ಕಾಲು ಒಂದು ಗೇಣು ಜಾರುತ್ತದೆ. ಮಾಡಬೇಕಾದದ್ದು ಇಷ್ಟು: ಮಂಡಿ ಸ್ವಲ್ಪ ಬಾಗಿಸಿ, ಹಿಮ್ಮಡಿಯನ್ನು ಮೊದಲು ಊರಿ, ಜಾರುವುದಕ್ಕೆ ಬಿಡಿ, ಅದು ತಾನೇ ನಿಂತ ಮೇಲೆ ಇನ್ನೊಂದು ಕಾಲು. ಭಯಕ್ಕೆ ಹಿಂದಕ್ಕೆ ವಾಲಿದರೆ ಕುಂಡಿ ನೆಲಕ್ಕೆ ತಾಗುತ್ತದೆ. ಊರುಗೋಲುಗಳಿದ್ದರೆ ಉದ್ದ ಮಾಡಿಕೊಳ್ಳಿ. ಮುಂದಿನವರ ನೇರಕ್ಕೆ ಹಿಂದೆಯೇ ಬರಬೇಡಿ, ನಿಮ್ಮ ಕಾಲಿನಿಂದ ಉರುಳಿದ ಕಲ್ಲು ಅವರಿಗೆ ತಾಗುತ್ತದೆ. ಫೋಟೊ ತೆಗೆಯಬೇಕೆಂದರೆ ಪೂರ್ತಿ ನಿಂತು ತೆಗೆಯಿರಿ.

ಕೆಳಗಿನ ಮೂರು ಕೊಳಗಳ ಹಸಿರು–ನೀಲಿ ಬಣ್ಣ ರೆಡ್ ಕ್ರೇಟರಿನ ಬಿಸಿನೆಲದಿಂದ ಕರಗಿ ಬರುವ ಖನಿಜಗಳದ್ದು. ಪಕ್ಕದಲ್ಲೇ ಹಬೆ ಏಳುತ್ತಿದ್ದರೂ ನೀರು ತಣ್ಣಗಿದೆ, ಆಮ್ಲೀಯವಾಗಿದೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಕೈ ಅದ್ದಬೇಡಿ. ದಡದಿಂದ ದೂರ ಸರಿದು, ಸೆಂಟ್ರಲ್ ಕ್ರೇಟರಿನ ಬಯಲಿನಲ್ಲಿ ಊಟ ಮುಗಿಸಿ. ಯಾಕೆಂದರೆ ಮುಂದೆ ಸಿಗುವ ಬ್ಲೂ ಲೇಕ್ ಇನ್ನೂ ಪವಿತ್ರ, ಅದರ ದಡದಲ್ಲಿ ತಿನ್ನುವುದು ಕುಡಿಯುವುದು ಮಾವೊರಿ ಕುಲದವರಿಗೆ ಅಗೌರವ.

7. ಟೆ ಮಾರಿ ಮತ್ತು ಕೊನೆಯ ಇಳಿಜಾರು

ಬ್ಲೂ ಲೇಕ್ ದಾಟಿದ ಮೇಲೆ ರೊಟೊಐರ ಮತ್ತು ಟೌಪೊ ಸರೋವರಗಳು ಕಾಣುತ್ತವೆ. ಕೆಲಸ ಮುಗಿಯಿತು ಎನಿಸುತ್ತದೆ. ಆದರೆ ನಡೆಯುವುದು ಇನ್ನೂ ಮೂರು ಗಂಟೆಯಷ್ಟಿದೆ, ಈಗ ಎಡವುವ ಅಪಾಯ ಹೆಚ್ಚು.

ಈ ಬದಿಯಲ್ಲಿ ಹಬೆಯಾಡುವ ಟೆ ಮಾರಿ ಕುಳಿಗಳಿವೆ. 2012ರ ಆಗಸ್ಟ್ 6ರ ರಾತ್ರಿ ಇವು ಸಿಡಿದು, ಚಿಮ್ಮಿದ ಬಂಡೆಗಳು ಕೆಟೆಟಾಹಿ ಗುಡಿಸಲಿನ ಚಾವಣಿ ತೂತು ಮಾಡಿದವು. ಚಳಿಗಾಲದ ರಾತ್ರಿಯಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಅದೇ ವರ್ಷ ನವೆಂಬರ್ 21ರಂದು ಮಧ್ಯಾಹ್ನ ಮತ್ತೆ ಸಿಡಿಯಿತು. ಆಗ ದಾರಿಯಲ್ಲಿ ಚಾರಣಿಗರಿದ್ದರು, ಯಾರಿಗೂ ಪೆಟ್ಟಾಗಲಿಲ್ಲ. ನೆಲದಡಿಯ ನೀರು ಕಾದು, ಹಬೆಯ ಒತ್ತಡ ಒಮ್ಮೆಲೇ ಬಿಡುಗಡೆಯಾಗುವ ಇಂಥ ಸ್ಫೋಟಗಳಿಗೆ ಮುನ್ಸೂಚನೆ ಸಿಗುವುದು ಕಡಿಮೆ. ಆದ್ದರಿಂದ ಅಪಾಯ ವಲಯದ ಫಲಕಗಳಿರುವ ಕಡೆ ವಿಶ್ರಾಂತಿಗೆ ಕೂರದೆ ನಡೆಯುತ್ತಲೇ ಇರಿ. ದಾರಿಯ ವಿದ್ಯುನ್ಮಾನ ಫಲಕದಲ್ಲಿ ಕೆಂಪು ದೀಪ ಮಿನುಗಿದರೆ ಮುಂದೆ ಹೋಗುವಂತಿಲ್ಲ.

ನಡೆಯುವಾಗಲೇ ಸಿಡಿದರೆ ಓಡಬೇಡಿ. ಮೊದಲು ನಿಂತು ಮೇಲೆ ನೋಡಿ, ಕಲ್ಲು ಎಲ್ಲಿ ಬೀಳುತ್ತಿದೆ ಎಂದು ಗಮನಿಸಿ ತಪ್ಪಿಸಿಕೊಳ್ಳಿ. ದಿಬ್ಬವೋ ದೊಡ್ಡ ಬಂಡೆಯೋ ಇದ್ದರೆ ಅದರ ಮರೆಗೆ ಹೋಗಿ, ಚೀಲವನ್ನು ತಲೆಯ ಮೇಲೆ ಹಿಡಿಯಿರಿ. ಕಲ್ಲು ನಿಂತ ಮೇಲೆ ಬೂದಿ ಮೋಡದ ಹಾದಿಯಿಂದ ದೂರ ಸರಿಯಿರಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ. ಹಳ್ಳ, ಕಣಿವೆಗಳಿಗೆ ಇಳಿಯಬೇಡಿ. ಬೂದಿ ಬೆರೆತ ಕೆಸರು ಪ್ರವಾಹ ಹರಿಯುವುದು ಅಲ್ಲೇ. ಈ ಪಾಠವನ್ನು ಗೈಡ್ ಬೆಳಿಗ್ಗೆ ಹೇಳುವಾಗ ಕಿವಿಗೊಟ್ಟು ಕೇಳಿ, ಹೇಳದಿದ್ದರೆ ನೀವೇ ಕೇಳಿ.

ದೂರದಲ್ಲಿ ಹಬೆಯೇಳುವ ಕೆಟೆಟಾಹಿ ಬಿಸಿನೀರ ಬುಗ್ಗೆಗಳು ಮಾವೊರಿ ಒಡೆತನದ ಖಾಸಗಿ ನೆಲ, ಅಲ್ಲಿಗೆ ಪ್ರವೇಶವಿಲ್ಲ. ಮುಂದೆ ಹುಲ್ಲಿನ ಇಳಿಜಾರಿನಲ್ಲಿ ತಿರುವುಗಳ ಮೇಲೆ ತಿರುವು. ಮಂಡಿ ನೋಯುವುದು ಇಲ್ಲಿಯೇ, ಆದ್ದರಿಂದ ತಿಂಗಳ ಮೊದಲಿನಿಂದ ಮೆಟ್ಟಿಲು ಹತ್ತುವುದರ ಜೊತೆ ಇಳಿಯುವ ಅಭ್ಯಾಸವನ್ನೂ ಮಾಡಿ. ಬೆಂಗಳೂರಿನಲ್ಲಿರುವವರಿಗೆ ನಂದಿಬೆಟ್ಟದ ಮೆಟ್ಟಿಲುಗಳು ಇದಕ್ಕೆ ಚೆನ್ನ. ಬೂಟಿನ ಲೇಸನ್ನು ಕಣಕಾಲಿನ ಬಳಿ ಬಿಗಿ ಮಾಡಿಕೊಂಡರೆ ಕಾಲ್ಬೆರಳ ಉಗುರು ಮುಂದಕ್ಕೆ ಬಡಿಯುವುದಿಲ್ಲ.

ಕೊನೆಗೆ ಕಾಡು. ದಿನವಿಡೀ ಕಲ್ಲು ನೋಡಿದ ಕಣ್ಣಿಗೆ ಜರಿಗಿಡಗಳು, ಪಾಚಿ ಹಿಡಿದ ಮರಗಳು ಸಿಗುತ್ತವೆ. ಪಕ್ಕದಲ್ಲಿ ಹಳ್ಳ ಹರಿಯುವ ಕಡೆ ಲಹಾರ್ (ಬೂದಿ ಬೆರೆತ ಕೆಸರು ಪ್ರವಾಹ) ಎಚ್ಚರಿಕೆಯ ಫಲಕಗಳಿವೆ, ಅಲ್ಲಿಯೂ ನಿಲ್ಲಬಾರದು. ಕೆಟೆಟಾಹಿ ತುದಿ ಸುಮಾರು 760 ಮೀಟರ್ ಎತ್ತರದಲ್ಲಿದೆ. ಕೊನೆಯ ಬಸ್ಸಿನ ಸಮಯವನ್ನು ಬೆಳಿಗ್ಗೆಯೇ ಬರೆದಿಟ್ಟುಕೊಂಡಿರಿ. ಬಸ್ಸು ಹತ್ತುವ ಮೊದಲು ಗೈಡ್ ತಲೆ ಎಣಿಸುವವರೆಗೆ ಗುಂಪು ಬಿಟ್ಟು ಹೋಗಬೇಡಿ. ಸಿಗ್ನಲ್ ಬಂದ ಕೂಡಲೇ, ಹೊರಡುವಾಗ ತಿಳಿಸಿದ್ದವರಿಗೆ ಇಳಿದೆವು ಎಂದು ಸಂದೇಶ ಕಳಿಸಿ. ಇಲ್ಲವಾದರೆ ಅವರು 111ಕ್ಕೆ ಕರೆ ಮಾಡಿ, ನೀವು ಬಿಸಿನೀರು ಸ್ನಾನ ಮಾಡುತ್ತಿರುವಾಗ ಹುಡುಕುವ ತಂಡ ಬೆಟ್ಟ ಹತ್ತಬೇಕಾಗುತ್ತದೆ.